ಇನ್‌ಸ್ಪೆಕ್ಟರ್ ಬಂದು ಹೋದರೆ ಬೆರಳು ಉಳಿಯುತ್ತಾ?



ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಮಾಡಿದ ಕಂತಿಗೆ ತುಂಬಾ ಜನ ಪ್ರತಿಕ್ರಿಯೆ ಕಳಿಸಿದ್ರಿ. ಅದರಲ್ಲಿ ಒಂದು ವಾಯ್ಸ್ ಮೆಸೇಜ್ ನನ್ನ ತಲೆಯಲ್ಲಿ ಹಾಗೇ ಕೂತುಬಿಟ್ಟಿದೆ. ಕಳಿಸಿದವರು ಬೆಂಗಳೂರಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್ ನಡೆಸ್ತಾರೆ, ಹದಿನೆಂಟು ಜನ ಕೆಲಸಗಾರರು. ಅವರು ಹೇಳಿದ್ದು ಇಷ್ಟು: "ಮೇಡಂ, ನೀವು ಇನ್‌ಸ್ಪೆಕ್ಷನ್ ಬೇಕು ಇನ್‌ಸ್ಪೆಕ್ಷನ್ ಬೇಕು ಅಂತೀರಲ್ಲ, ಇನ್‌ಸ್ಪೆಕ್ಟ್ರು ಬಂದ್ರೆ ಟೀ ಕುಡೀತಾರೆ, ರಿಜಿಸ್ಟರ್ ನೋಡ್ತಾರೆ, ಕವರ್ ತಗೊಂಡು ಹೋಗ್ತಾರೆ. ಅದರಿಂದ ಯಾವ ಮೆಷಿನ್ ಸೇಫ್ ಆಗಿದೆ ಹೇಳಿ ನೋಡೋಣ."

ಹೇಳಿ ನೋಡೋಣ ಅಂದ್ರಲ್ಲ, ಅದಕ್ಕೇ ಇವತ್ತಿನ ಕಂತು.

ನಮ್ಮಲ್ಲಿ ಈ ವಿಷಯ ಬಂದ ತಕ್ಷಣ ಎರಡು ಗುಂಪು ಆಗಿಬಿಡುತ್ತೆ. ಒಂದು ಗುಂಪಿನವರು "ಇನ್‌ಸ್ಪೆಕ್ಟರ್ ರಾಜ್" ಅಂತಾರೆ. ಇನ್ನೊಂದು ಗುಂಪಿನವರು ತಪಾಸಣೆ ಕಡಿಮೆ ಮಾಡಿದ್ರೆ ಜನ ಸಾಯ್ತಾರೆ ಅಂತಾರೆ. ಇಬ್ಬರೂ ತುಂಬಾ ಖಚಿತವಾಗಿ ಮಾತಾಡ್ತಾರೆ, ಇಬ್ಬರ ಕೈಯಲ್ಲೂ ಅಂಕಿ-ಅಂಶ ಇರೋದು ಅಪರೂಪ. ನಾನು ಓದಿದ್ದು ಬಿ.ಕಾಂ. ಇಂಜಿನಿಯರ್ ಅಲ್ಲ, ವಕೀಲಳೂ ಅಲ್ಲ. ಆದ್ರೆ ಕಾಮರ್ಸ್ ಓದಿದವರಿಗೆ ಒಂದು ಚಟ ಇರುತ್ತೆ. ಎಡಗಡೆ ಖರ್ಚು ಬರೆದಿದ್ರೆ ಬಲಗಡೆ ಏನು ಬಂತು ಅಂತ ಕೇಳೋದು. ಸರ್ಕಾರ ಸಂಬಳ ಕೊಟ್ಟು, ಜೀಪು ಕೊಟ್ಟು ಒಬ್ಬ ಅಧಿಕಾರಿಯನ್ನ ಕಾರ್ಖಾನೆಗೆ ಕಳಿಸುತ್ತೆ. ಅದರಿಂದ ಅಲ್ಲಿ ಗಾಯ ಆಗೋದು ಕಡಿಮೆ ಆಗುತ್ತಾ, ಇಲ್ವಾ?

ಸುಲಭದ ಪ್ರಶ್ನೆ ಅನ್ಸುತ್ತೆ. ತಪಾಸಣೆ ಆದ ಕಾರ್ಖಾನೆ ಒಂದು ಕಡೆ ಇಡಿ, ಆಗದೇ ಇರೋದು ಇನ್ನೊಂದು ಕಡೆ ಇಡಿ, ಎಲ್ಲಿ ಜಾಸ್ತಿ ಗಾಯ ಆಗಿದೆ ನೋಡಿ. ಹಾಗೆ ಮಾಡಿದ್ರೆ ಏನು ಸಿಗುತ್ತೆ ಗೊತ್ತಾ? ಎಷ್ಟೋ ಸಲ, ತಪಾಸಣೆ ಆದ ಕಡೆನೇ ಜಾಸ್ತಿ ಅಪಘಾತ ಇರುತ್ತೆ! ಯಾಕಂದ್ರೆ ಇನ್‌ಸ್ಪೆಕ್ಟರ್ ಹೋಗೋದೇ ಅಪಘಾತ ಆದ ಕಡೆಗೆ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹತ್ತಿರ ಬಜ್ಪೆಯ ಮೀನು ಸಂಸ್ಕರಣಾ ಘಟಕದಲ್ಲಿ ಪಶ್ಚಿಮ ಬಂಗಾಳದ ಐದು ಜನ ಕಾರ್ಮಿಕರು ತೀರಿಕೊಂಡ್ರು. ಒಬ್ಬರು ತ್ಯಾಜ್ಯದ ತೊಟ್ಟಿಗೆ ಬಿದ್ದರು, ಅವರನ್ನ ಎತ್ತೋಕೆ ಇಳಿದವರಿಗೂ ವಿಷಾನಿಲ ಹೊಡೀತು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳ ರಾಶಿ ಕುಸಿದು ಬಿಹಾರದ ಏಳು ಜನ ಸತ್ತರು. ಅಧಿಕಾರಿಗಳ ಸಾಲು ಗೇಟಿನ ಮುಂದೆ ಬರೋದು ಇಂಥದ್ದಾದ ಮೇಲೆ. ಡಾಕ್ಟರ್ ಮನೆ ಮುಂದೆ ರೋಗಿಗಳು ಜಾಸ್ತಿ ಇದ್ದಾರೆ ಅಂದ ಮಾತ್ರಕ್ಕೆ ಡಾಕ್ಟರಿಂದ ರೋಗ ಬಂತು ಅನ್ನೋಕಾಗಲ್ಲ ಅಲ್ವಾ.

ಇದಕ್ಕೆ ಉಲ್ಟಾ ತಪ್ಪೂ ಆಗುತ್ತೆ. ಒಂದು ಕಾರ್ಖಾನೆಗೆ ಒಂದು ವರ್ಷ ತುಂಬಾ ಕೆಟ್ಟದ್ದಾಗಿರುತ್ತೆ. ಇನ್‌ಸ್ಪೆಕ್ಟರ್ ಬರ್ತಾರೆ. ಮುಂದಿನ ವರ್ಷ ಅಪಘಾತ ಕಡಿಮೆ ಆಗುತ್ತೆ. ನೋಡಿ, ತಪಾಸಣೆಯ ಫಲ ಅಂತೀವಿ. ಆದ್ರೆ ಅಷ್ಟು ಕೆಟ್ಟ ವರ್ಷದ ಮುಂದಿನದು ಹೇಗಿದ್ದರೂ ಸ್ವಲ್ಪ ಸುಧಾರಿಸೋದಿತ್ತು. ಜ್ವರ ಮೂರನೇ ದಿನಕ್ಕೆ ತಾನಾಗೇ ಇಳಿಯೋದಿತ್ತು, ಹೆಸರು ಅಜ್ಜಿ ಮಾಡಿದ ಕಷಾಯಕ್ಕೆ ಬಂತು.

ಹಾಗಾದ್ರೆ ದಾರಿ? ಚೀಟಿ ಎತ್ತೋದು. ಯಾವ ಕಾರ್ಖಾನೆಗೆ ಹೋಗಬೇಕು ಅನ್ನೋದನ್ನ ಅಪಘಾತ ನೋಡಿ, ದೂರು ನೋಡಿ ನಿರ್ಧರಿಸದೆ, ಒಂದೇ ಥರದ ಕಾರ್ಖಾನೆಗಳ ಪಟ್ಟಿ ಮಾಡಿ ಲಾಟರಿ ಎತ್ತಿದ ಹಾಗೆ ಆರಿಸೋದು. ಹಾಗೆ ಮಾಡಿದ್ರೆ ಹೆಸರು ಬಂದವರಿಗೂ ಬರದವರಿಗೂ ಅದೃಷ್ಟ ಬಿಟ್ಟು ಬೇರೆ ವ್ಯತ್ಯಾಸ ಇರಲ್ಲ. ಆಮೇಲೆ ಗಾಯಗಳಲ್ಲಿ ವ್ಯತ್ಯಾಸ ಕಂಡರೆ ಅದನ್ನ ತಪಾಸಣೆಯ ಲೆಕ್ಕಕ್ಕೆ ಬರೀಬಹುದು.

ಇದನ್ನ ಯಾರು ಮಾಡ್ತಾರೆ ಅಂತೀರಾ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ನಡೆದಿದೆ. ಅಲ್ಲಿ ಕೆಲಸದ ಸ್ಥಳದ ಸುರಕ್ಷತೆ ನೋಡೋ ರಾಜ್ಯ ಇಲಾಖೆಗೆ ಕ್ಯಾಲ್-ಓಶಾ ಅಂತಾರೆ. ಅಪಾಯ ಜಾಸ್ತಿ ಇರೋ ಉದ್ಯಮಗಳನ್ನ ಗುರುತು ಮಾಡಿ, ಅದರೊಳಗೆ ಒಂದಷ್ಟು ಕಾರ್ಖಾನೆಗಳನ್ನ ಯಾದೃಚ್ಛಿಕವಾಗಿ, ಅಂದ್ರೆ ಚೀಟಿ ಎತ್ತಿದ ಹಾಗೆ ಆರಿಸಿ ತಪಾಸಣೆ ಮಾಡೋ ಪದ್ಧತಿ ಅವರಲ್ಲಿತ್ತು. ಸಂಶೋಧನೆಗೆ ಅಂತ ಮಾಡಿದ್ದಲ್ಲ, ಅವರ ಕೆಲಸದ ರೀತಿ ಅದು. ಮೂರು ಜನ ಸಂಶೋಧಕರಿಗೆ ಇದರಲ್ಲಿ ಒಂದು ತಯಾರಾದ ಪ್ರಯೋಗ ಕಾಣಿಸ್ತು: ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಲೆವೈನ್, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಟಾಫೆಲ್, ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ಮ್ಯಾಥ್ಯೂ ಜಾನ್ಸನ್. 1996ರಿಂದ 2006ರವರೆಗೆ ಹೀಗೆ ಚೀಟಿಯಲ್ಲಿ ಹೆಸರು ಬಂದು ತಪಾಸಣೆ ಆದ 409 ಕಾರ್ಖಾನೆ-ಕಂಪನಿಗಳನ್ನ ತಗೊಂಡ್ರು. ಅದೇ ಉದ್ಯಮದ, ಅದೇ ಪ್ರದೇಶದ, ಹೆಚ್ಚುಕಡಿಮೆ ಅದೇ ಗಾತ್ರದ, ಆದರೆ ಹೆಸರು ಬರದ ಇನ್ನೊಂದು 409 ಜೋಡಿ ಹುಡುಕಿದ್ರು. ಫಲಿತಾಂಶ 2012ರ ಮೇ ತಿಂಗಳಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು.

ತಪಾಸಣೆ ಆದ ಕಡೆ ಗಾಯಗಳ ಪ್ರಮಾಣ ಶೇ 9.4ರಷ್ಟು ಇಳಿದಿತ್ತು. ಗಾಯಗಳ ವೆಚ್ಚ, ಅಂದ್ರೆ ಚಿಕಿತ್ಸೆ ಮತ್ತು ಕಳೆದುಹೋದ ಕೂಲಿಯ ಪರಿಹಾರ, ಶೇ 26ರಷ್ಟು ಇಳಿದಿತ್ತು. ಇದು ಒಂದು ತಿಂಗಳ ಶೋ ಅಲ್ಲ, ತಪಾಸಣೆಯ ನಂತರದ ವರ್ಷಗಳಲ್ಲೂ ಉಳಿದಿತ್ತು. ಐದು ವರ್ಷದಲ್ಲಿ ಒಂದು ತಪಾಸಣೆಯಿಂದ ಉಳಿದ ದುಡ್ಡು ಸುಮಾರು 3,55,000 ಡಾಲರ್ ಅಂತ ಅವರ ಅಂದಾಜು.

ನನ್ನ ಕಣ್ಣಿಗೆ ಬಿದ್ದಿದ್ದು ಇದರ ಮುಂದಿನ ಕಾಲಂ. ಕಾರ್ಖಾನೆ ಮುಚ್ಚಿತಾ? ಕೆಲಸಗಾರರ ಸಂಖ್ಯೆ ಇಳೀತಾ? ಮಾರಾಟ ಬಿತ್ತಾ? ಸಾಲದ ರೇಟಿಂಗ್ ಕೆಟ್ಟಿತಾ? ನಾಲ್ಕನ್ನೂ ನೋಡಿದ್ದಾರೆ. ಯಾವುದರಲ್ಲೂ ಗುರುತಿಸೋ ಅಂಥ ನಷ್ಟ ಸಿಗಲಿಲ್ಲ. "ಇನ್‌ಸ್ಪೆಕ್ಟರ್ ಬಂದ್ರೆ ಕೆಲಸ ಹೋಗುತ್ತೆ" ಅಂತ ಹೇಳ್ತಾರಲ್ಲ, ಆ ಮಾತಿಗೆ ಇಲ್ಲಿ ಆಧಾರ ಇಲ್ಲ.

ಇನ್ನೊಂದು ಸೂಕ್ಷ್ಮ. ಗಾಯದ ಲೆಕ್ಕ ಅವರಿಗೆ ಎಲ್ಲಿಂದ ಸಿಕ್ತು? ಕಾರ್ಖಾನೆಯ ರಿಜಿಸ್ಟರ್‌ನಿಂದ ಅಲ್ಲ. ಕಾರ್ಮಿಕರ ಪರಿಹಾರ ವಿಮೆಯ ದಾಖಲೆಯಿಂದ. ಮಾಲೀಕ ಬರೆದ ಪುಸ್ತಕ ಬೇರೆ, ದುಡ್ಡು ಕೈ ಬದಲಾಗಿರೋ ಕ್ಲೇಮ್ ಬೇರೆ. ಆಡಿಟ್ ಮಾಡಿದವರಿಗೆ ಇದು ಗೊತ್ತು: ಕಂಪನಿ ತನ್ನ ಬಗ್ಗೆ ತಾನು ಕೊಡೋ ಹೇಳಿಕೆಗಿಂತ ಬ್ಯಾಂಕು ಕೊಡೋ ಸ್ಟೇಟ್‌ಮೆಂಟ್‌ಗೆ ತೂಕ ಜಾಸ್ತಿ. ಮೇಲಾಗಿ, ತಪಾಸಣೆ ಆದ ಮೇಲೆ ಕೆಲವು ಕಡೆ ಮುಚ್ಚಿಡ್ತಿದ್ದ ಸಣ್ಣ ಗಾಯಗಳನ್ನೂ ವರದಿ ಮಾಡೋಕೆ ಶುರು ಮಾಡ್ತಾರೆ. ಹಾಗಾಗಿದ್ರೆ ನಿಜವಾದ ಇಳಿಕೆ ಇನ್ನೂ ಜಾಸ್ತಿನೇ ಇರಬಹುದು.

ಆದ್ರೆ ಇಲ್ಲಿಗೇ ಚಪ್ಪಾಳೆ ತಟ್ಟಿ ಮುಗಿಸೋ ಹಾಗಿಲ್ಲ. ಶೇ 9.4 ಅನ್ನೋದು ಮಧ್ಯದ ಅಂದಾಜು, ಅದರ ಹಿಂದೆ ಮುಂದೆ ಸಾಕಷ್ಟು ಅಗಲವಾದ ವ್ಯಾಪ್ತಿ ಇದೆ. ಜೊತೆಗೆ ಅದಕ್ಕೂ ಮುಂಚೆ ಬಂದಿದ್ದ ಅಧ್ಯಯನಗಳು ಒಂದಕ್ಕೊಂದು ತಾಳೆ ಆಗ್ತಿರಲಿಲ್ಲ. ವೇಯ್ನ್ ಗ್ರೇ ಮತ್ತು ಜಾನ್ ಮೆಂಡೆಲಾಫ್ ಅಂತ ಇಬ್ಬರು 1979ರಿಂದ 1998ರವರೆಗಿನ ಅಮೆರಿಕದ ಕಾರ್ಖಾನೆಗಳ ದಾಖಲೆ ನೋಡಿದ್ರು. ದಂಡ ಹಾಕಿದ ತಪಾಸಣೆಗಳಿಂದ ಕೆಲಸ ತಪ್ಪಿಸೋ ಅಂಥ ಗಾಯಗಳು ಮೊದಲ ಅವಧಿಯಲ್ಲಿ ಶೇ 19ರಷ್ಟು ಕಡಿಮೆ ಆಗ್ತಿದ್ವು, 1987-91ರಲ್ಲಿ ಅದು ಶೇ 11ಕ್ಕೆ ಬಂತು, 1992-98ರಲ್ಲಿ ಶೇ 1. ಅಂದ್ರೆ ಹೆಚ್ಚುಕಡಿಮೆ ಏನೂ ಇಲ್ಲ. ಅದೇ ಕಾನೂನು, ಅದೇ ಇಲಾಖೆ. ಆಮೇಲೆ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1998ರಿಂದ 2005ರವರೆಗಿನ ದಾಖಲೆ ನೋಡಿದಾಗ ಮತ್ತೆ ಪರಿಣಾಮ ಕಾಣಿಸ್ತು: ದಂಡ ಹಾಕಿದ ತಪಾಸಣೆಯ ನಂತರದ ಎರಡು ವರ್ಷ, ವರ್ಷಕ್ಕೆ ಶೇ 19ರಿಂದ 24ರಷ್ಟು ಇಳಿಕೆ. ದಂಡ ಹಾಕದೆ ಬಂದು ಹೋದ ತಪಾಸಣೆಯಿಂದ? ಪರಿಣಾಮ ಇಲ್ಲ.

ಈ "ದಂಡ ಹಾಕದೆ ಬಂದು ಹೋದ" ಅನ್ನೋ ಮಾತನ್ನ ನೆನಪಿಟ್ಟುಕೊಳ್ಳಿ. ನಮ್ಮ ವರ್ಕ್‌ಶಾಪ್ ಸಾಹುಕಾರರು ಹೇಳ್ತಿರೋ "ಟೀ ಕುಡಿದು ಹೋಗೋ" ತಪಾಸಣೆ ಇದೇ. ಆ ಮಟ್ಟಿಗೆ ಅವರ ಅನುಭವವನ್ನ ಪೆನ್ಸಿಲ್ವೇನಿಯಾದ ಲೆಕ್ಕವೂ ಒಪ್ಪುತ್ತೆ.

ಈಗ ನನ್ನದೇ ಒಂದು ಅನುಭವ ಹೇಳ್ತೀನಿ. ಡಿಗ್ರಿ ಮುಗಿದ ಮೇಲೆ ಹದಿನಾಲ್ಕು ತಿಂಗಳು ನಾನು ಬೆಂಗಳೂರಿನ ಒಂದು ಪ್ರೆಸ್ ಶಾಪ್‌ನಲ್ಲಿ ಅಕೌಂಟ್ಸ್ ನೋಡ್ಕೊಳ್ತಿದ್ದೆ. ಹೆಸರು ಬೇಡ. ತಗಡಿನ ಹಾಳೆಯನ್ನ ಅಚ್ಚಿನ ಮೇಲಿಟ್ಟು ಪವರ್ ಪ್ರೆಸ್‌ನಿಂದ ಹೊಡೆದು ವಾಹನಗಳ ಬಿಡಿಭಾಗ ಮಾಡೋ ಜಾಗ. ಆಪರೇಟರ್ ಎಡಗೈಯಲ್ಲಿ ತಗಡು ಇಡಬೇಕು, ಕಾಲಿನಲ್ಲಿ ಪೆಡಲ್ ಒತ್ತಬೇಕು, ಪ್ರೆಸ್ ಇಳಿಯುತ್ತೆ, ಬಲಗೈಯಲ್ಲಿ ಪೀಸ್ ತೆಗೀಬೇಕು. ಒಂದು ಶಿಫ್ಟ್‌ನಲ್ಲಿ ಸಾವಿರಾರು ಸಲ. ಕೈ ಒಳಗಿರುವಾಗ ಕಾಲು ಒಂದು ಕ್ಷಣ ಮುಂಚೆ ಹೋದ್ರೆ ಮುಗೀತು. ಇದಕ್ಕೆ ಪರಿಹಾರ ದೊಡ್ಡ ವಿಜ್ಞಾನ ಏನಲ್ಲ. ಪೆಡಲ್ ತೆಗೆದು ಎರಡು ಬಟನ್ ಇಡೋದು, ಎರಡೂ ಕೈ ಬಟನ್ ಮೇಲಿದ್ರೆ ಮಾತ್ರ ಪ್ರೆಸ್ ಇಳಿಯುತ್ತೆ. ಇಲ್ಲಾಂದ್ರೆ ಬೆಳಕಿನ ಸೆನ್ಸರ್ ಹಾಕೋದು, ಕೈ ಅಡ್ಡ ಬಂದ್ರೆ ಮೆಷಿನ್ ನಿಲ್ಲುತ್ತೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕು ಅಂತ ಅವತ್ತಿಂದಲೂ ಹೇಳ್ತಿತ್ತು.

ತಪಾಸಣೆಗೆ ಬರ್ತಾರೆ ಅನ್ನೋ ವಿಷಯ ನಮ್ಮಲ್ಲಿಗೆ ಹಿಂದಿನ ದಿನವೇ ಬರ್ತಿತ್ತು. ಹೇಗೆ ಅಂತ ಕೇಳ್ಬೇಡಿ. ಗೋಡೌನ್‌ನಿಂದ ಹೆಲ್ಮೆಟ್ಟು, ಗ್ಲೌಸು ಹೊರಗೆ ಬರೋದು, ಪ್ಲಾಸ್ಟಿಕ್ ಕವರ್ ಸಮೇತ. ಬೆಂಕಿ ಆರಿಸೋ ಸಿಲಿಂಡರ್ ಮೇಲಿನ ಧೂಳು ಒರೆಸೋರು. ಬಿಚ್ಚಿಟ್ಟಿದ್ದ ಗಾರ್ಡ್‌ಗಳನ್ನ ಮತ್ತೆ ಬೋಲ್ಟ್ ಹಾಕಿ ಕೂರಿಸೋರು. ಅವತ್ತಿನ ಪ್ರೊಡಕ್ಷನ್ ಅರ್ಧ. ಅಪಘಾತದ ರಿಜಿಸ್ಟರ್ ಇತ್ತು, ಚೆನ್ನಾಗಿ ಬೈಂಡ್ ಮಾಡಿದ್ದು. ಪ್ರತಿ ತಿಂಗಳ ಎದುರು "ಇಲ್ಲ", "ಇಲ್ಲ", "ಇಲ್ಲ".

ಅದೇ ಶಾಪ್‌ನಲ್ಲಿ ಯಾದಗಿರಿ ಕಡೆಯ ಒಬ್ಬರು ಆಪರೇಟರ್ ಇದ್ರು, ಬಲಗೈಯ ಎರಡು ಬೆರಳು ಹೋಯ್ತು. ನಾನು ಸೇರಿ ಐದನೇ ತಿಂಗಳು. ಅವರ ಇಎಸ್‌ಐ ನೋಂದಣಿ ಆಗಿದ್ದು ಅದೇ ವಾರ, ಅಪಘಾತ ಆದ ಮೇಲೆ. ಕನ್ಸಲ್ಟೆಂಟ್ ಒಬ್ಬರು ಬಂದು ಕೂತು ಮಾಡಿಕೊಟ್ಟು ಹೋದ್ರು. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ನನ್ನ ಟೇಬಲ್ ಹತ್ರ ಬಂದು ಅವರು ಕೇಳಿದ್ದು, "ಮೇಡಮ್ರೀ, ಕಾರ್ಡ್‌ನ್ಯಾಗ ನನ್ನ ಹೆಸರು ಸರಿ ಬಂದೈತೇನ್ರೀ? ಆಧಾರದಾಗ ಬ್ಯಾರೆ ಐತಿ." ಬೆರಳಿನ ಬಗ್ಗೆ ಒಂದು ಮಾತಿಲ್ಲ. ಹೆಸರು ಸರಿ ಇಲ್ಲದಿದ್ರೆ ದುಡ್ಡು ಬರಲ್ಲ ಅನ್ನೋ ಭಯ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ ಅಂತ ಆಮೇಲೆ ಗೊತ್ತಾಯ್ತು. ಗುರುಗ್ರಾಮದ ಸೇಫ್ ಇನ್ ಇಂಡಿಯಾ ಅನ್ನೋ ಸಂಸ್ಥೆ 2019ರಿಂದ ವಾಹನ ಬಿಡಿಭಾಗ ಉದ್ಯಮದ ಗಾಯಗಳ ಬಗ್ಗೆ ವರದಿ ತರ್ತಿದೆ. ಪವರ್ ಪ್ರೆಸ್‌ನಲ್ಲಿ ಬೆರಳು ಕಳಕೊಂಡವರು, ಅಪಘಾತ ಆದ ಮೇಲಷ್ಟೇ ಇಎಸ್‌ಐ ಕಾರ್ಡ್ ಸಿಕ್ಕವರು, ಅವರ ವರದಿಗಳಲ್ಲಿ ಸಾವಿರಗಟ್ಟಲೆ ಇದ್ದಾರೆ. ಸಿಕ್ಕರೆ ಓದಿ.

ಈ ಕಥೆಯಲ್ಲಿ ಇನ್ನೊಂದು ಅರ್ಧ ಇದೆ, ಅದನ್ನ ಹೇಳದಿದ್ರೆ ಸುಳ್ಳಾಗುತ್ತೆ. ನಮ್ಮ ಶಾಪ್‌ನಲ್ಲಿ ಆರು ಪ್ರೆಸ್ ಇತ್ತು. ಅದರಲ್ಲಿ ಎರಡಕ್ಕೆ ಎರಡು ಕೈಯ ಬಟನ್ ಇತ್ತು. ಯಾಕೆ ಆ ಎರಡಕ್ಕೆ ಮಾತ್ರ ಅಂತ ಹಳೇ ಫೋರ್‌ಮನ್‌ನ ಕೇಳಿದೆ. "ಮುಂಚೆ ಒಬ್ರು ಇನ್‌ಸ್ಪೆಕ್ಟ್ರು ಇದ್ರಮ್ಮ, ಕವರ್ ಮುಟ್ತಾ ಇರ್ಲಿಲ್ಲ. ನೋಟಿಸ್ ಕೊಟ್ರು, ಹದಿನೈದು ದಿನ ಬಿಟ್ಟು ಮತ್ತೆ ಬಂದು ನೋಡಿದ್ರು" ಅಂದ್ರು. ಆಗ ಆ ಎರಡು ಮೆಷಿನ್ ಬಗ್ಗೆ ಮಾತ್ರ ನೋಟಿಸ್ ಇದ್ದಿದ್ದಂತೆ. ಆ ಅಧಿಕಾರಿ ವರ್ಗ ಆಗಿ ಹೋಗಿ ಎಷ್ಟೋ ವರ್ಷ ಆಗಿತ್ತು. ಬಟನ್ ಅಲ್ಲೇ ಇತ್ತು. ಬೆರಳು ಹೋಗಿದ್ದು ಪೆಡಲ್ ಇದ್ದ ಮೆಷಿನ್‌ನಲ್ಲಿ.

ಒಂದು ಶಾಪ್ ನೋಡಿ ದೇಶದ ಲೆಕ್ಕ ಹೇಳಬಾರದು, ಒಪ್ತೀನಿ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ ಪರಿಣಾಮ ಯಾಕೆ ವರ್ಷಗಟ್ಟಲೆ ಉಳೀತು ಅಂತ ನನಗೆ ಅರ್ಥ ಆಗಿದ್ದು ಈ ಬಟನ್‌ನಿಂದಲೇ. ಹೆಲ್ಮೆಟ್ಟು, ಗ್ಲೌಸು ಮಾರನೇ ದಿನ ವಾಪಸ್ ಗೋಡೌನ್‌ಗೆ ಹೋಗುತ್ತೆ. ಮೆಷಿನ್‌ಗೆ ವೈರಿಂಗ್ ಮಾಡಿ ಕೂರಿಸಿದ ಬಟನ್ನ ಸುಮ್ಮನೆ ಯಾರೂ ಕಿತ್ತು ಹಾಕಲ್ಲ. (ಒಂದು ಬಟನ್‌ಗೆ ಟೇಪ್ ಸುತ್ತಿ ಒಂದೇ ಕೈಯಲ್ಲಿ ನಡೆಸೋರು ಇದ್ದಾರೆ, ಪೀಸ್ ರೇಟ್ ಇರೋ ಕಡೆ ಖಂಡಿತ ಇದ್ದಾರೆ. ಟಾರ್ಗೆಟ್ ಹಾಗೇ ಇಟ್ಟು ಸುರಕ್ಷತೆ ಕೇಳಿದ್ರೆ ಆಪರೇಟರ್ ಏನು ಮಾಡಬೇಕು?)

ಇಲ್ಲಿ ಎರಡು ಬೇರೆ ಬೇರೆ ವಿಷಯವನ್ನ ನಾವು ಕಲಸಿಬಿಡ್ತೀವಿ. ನಿಯಮ ಪಾಲನೆ ಒಂದು, ಗಾಯ ಕಡಿಮೆ ಆಗೋದು ಇನ್ನೊಂದು. ನಮ್ಮ ಶಾಪ್ ಕಾಗದದ ಮೇಲೆ ಪಾಲನೆಯಲ್ಲಿ ಫಸ್ಟ್ ಕ್ಲಾಸು. ರಿಜಿಸ್ಟರ್ ಇತ್ತು, ಬೋರ್ಡ್ ಇತ್ತು, ಕನ್ನಡ-ಇಂಗ್ಲಿಷ್ ಎರಡರಲ್ಲೂ. ತಪಾಸಣೆ ರಿಜಿಸ್ಟರ್ ನೋಡೋಕೆ ಬಂದ್ರೆ ರಿಜಿಸ್ಟರ್ ಸುಧಾರಿಸುತ್ತೆ. ಮೆಷಿನ್ ನೋಡೋಕೆ ಬಂದ್ರೆ ಮೆಷಿನ್ ಸುಧಾರಿಸುತ್ತೆ.

ಹಾಗಿದ್ರೆ ಸರ್ಕಾರ ಬೇಡ, ಖಾಸಗಿ ಆಡಿಟರ್ ಬರಲಿ, ಮೂರನೇ ವ್ಯಕ್ತಿಯ ಪ್ರಮಾಣಪತ್ರ ಸಾಕು ಅಂತ ಈಗ ಜೋರಾಗಿ ಕೇಳಿಬರ್ತಿದೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮುಂಚೆ ಆ ಕಾರ್ಖಾನೆಗೆ ಅಂತರರಾಷ್ಟ್ರೀಯ ಖಾಸಗಿ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಿತ್ತು.

ನಮ್ಮ ದೇಶದ್ದೇ ಒಂದು ಒಳ್ಳೆ ಅಧ್ಯಯನ ಗುಜರಾತಿನಿಂದ ಬಂದಿದೆ. ಕಾರ್ಮಿಕ ಸುರಕ್ಷತೆ ಅಲ್ಲ, ಕಾರ್ಖಾನೆಗಳ ಮಾಲಿನ್ಯದ ಬಗ್ಗೆ. ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಮಾಡಿದ್ದು, 2013ರಲ್ಲಿ ಪ್ರಕಟ ಆಯ್ತು. ಅಲ್ಲಿ ಕಾರ್ಖಾನೆಯೇ ಆಡಿಟರ್‌ನ ಆರಿಸಿ, ಕಾರ್ಖಾನೆಯೇ ಫೀಸು ಕೊಡ್ತಿತ್ತು. ಆಡಿಟರ್‌ಗಳು ಬರೆದ ಮಾಲಿನ್ಯದ ಅಂಕಿ ವಿಚಿತ್ರವಾಗಿ ಮಿತಿಗಿಂತ ಚೂರೇ ಚೂರು ಕೆಳಗಡೆ ಗುಂಪಾಗಿ ಬರ್ತಿತ್ತು. ಆಮೇಲೆ ಒಂದಷ್ಟು ಕಾರ್ಖಾನೆಗಳಿಗೆ ಪದ್ಧತಿ ಬದಲಾಯಿಸಿದ್ರು. ಆಡಿಟರ್ ಯಾರು ಅಂತ ಚೀಟಿ ಎತ್ತೋದು, ಫೀಸು ಒಂದು ಸಾಮಾನ್ಯ ನಿಧಿಯಿಂದ ಕೊಡೋದು, ಅವರು ಅಳೆದಿದ್ದನ್ನ ಇನ್ನೊಬ್ಬರು ಮತ್ತೆ ಅಳೆಯೋದು. ಆಡಿಟರ್‌ಗಳು ನಿಜ ಬರೆಯೋಕೆ ಶುರು ಮಾಡಿದ್ರು, ಕಾರ್ಖಾನೆಗಳು ಮಾಲಿನ್ಯವನ್ನೂ ಕಡಿಮೆ ಮಾಡಿದ್ವು. ಜನ ಅವರೇ. ದುಡ್ಡು ಯಾರ ಜೇಬಿಂದ ಬರುತ್ತೆ ಅನ್ನೋದು ಬದಲಾಯ್ತು, ಅಷ್ಟೆ. ನಮ್ಮ ಕಾಮರ್ಸ್ ಪಾಠದಲ್ಲಿ ಆಡಿಟರ್‌ನ ಸ್ವಾತಂತ್ರ್ಯ ಅಂತ ಐದು ಮಾರ್ಕಿನ ಪ್ರಶ್ನೆ ಬರ್ತಿತ್ತಲ್ಲ, ಅದೇ ಇದು.

ಅದೇ ತಂಡ ಗುಜರಾತಿನಲ್ಲೇ ಸರ್ಕಾರಿ ತಪಾಸಣೆಯ ಸಂಖ್ಯೆಯನ್ನ ಸುಮಾರು ದುಪ್ಪಟ್ಟು ಮಾಡಿ ನೋಡಿದ್ರು. ಮಾಲಿನ್ಯ ಹೆಚ್ಚೇನೂ ಇಳೀಲಿಲ್ಲ. ಹೆಚ್ಚುವರಿ ಭೇಟಿಗಳು ನಡೆದ್ವು, ಆದ್ರೆ ಹೆಚ್ಚುವರಿ ಶಿಕ್ಷೆಗಳು ಆಗಲಿಲ್ಲ. ಮತ್ತೆ ಅದೇ ಪೆನ್ಸಿಲ್ವೇನಿಯಾ.

ಎಲ್ಲಾ ಕಡೆಗೂ ಇನ್‌ಸ್ಪೆಕ್ಟರ್ ಹೋಗೋಕೆ ಯಾವ ದೇಶದಲ್ಲೂ ಸಾಧ್ಯ ಇಲ್ಲ, ಇದೂ ನಿಜ. ಈಗಿರೋ ಇನ್‌ಸ್ಪೆಕ್ಟರ್‌ಗಳ ಸಂಖ್ಯೆಯಲ್ಲಿ ಅಮೆರಿಕದ ಫೆಡರಲ್ ಓಶಾ ತನ್ನ ವ್ಯಾಪ್ತಿಯ ಪ್ರತಿ ಕೆಲಸದ ಜಾಗಕ್ಕೆ ಒಂದೊಂದು ಸಲ ಹೋಗಿ ಬರೋಕೆ 150 ವರ್ಷಕ್ಕೂ ಹೆಚ್ಚು ಬೇಕು ಅಂತ ಅಲ್ಲಿನ ಕಾರ್ಮಿಕ ಸಂಘಟನೆಗಳ ಒಕ್ಕೂಟ ಲೆಕ್ಕ ಹಾಕಿ ಹೇಳುತ್ತೆ. ಹಾಗಾಗಿ ಯಾರ ಮನೆ ಬಾಗಿಲು ತಟ್ಟಬೇಕು ಅನ್ನೋದು ಮುಖ್ಯ. ಅದೇ ಜಾನ್ಸನ್, ಲೆವೈನ್, ಟಾಫೆಲ್ ಮೂವರೂ 2023ರಲ್ಲಿ ಇನ್ನೊಂದು ಪ್ರಬಂಧ ತಂದ್ರು. ಫೆಡರಲ್ ಓಶಾದ ಯಾದೃಚ್ಛಿಕ ತಪಾಸಣೆಗಳಿಂದ ಐದು ವರ್ಷದಲ್ಲಿ ಗಂಭೀರ ಗಾಯಗಳು ಶೇ 9ರಷ್ಟು ಇಳಿದಿವೆ, ಅಂದ್ರೆ ಒಂದೊಂದು ಜಾಗದಲ್ಲಿ ಸರಾಸರಿ 2.4 ಗಾಯ ತಪ್ಪಿವೆ. ಎಲ್ಲಿ ಹೋದ್ರೆ ಜಾಸ್ತಿ ಗಾಯ ತಪ್ಪಬಹುದು ಅಂತ ದತ್ತಾಂಶದಿಂದ ಅಂದಾಜು ಮಾಡಿ ಹೋಗಿದ್ರೆ, ಅಷ್ಟೇ ತಪಾಸಣೆಗೆ ಇದರ ಎರಡು ಪಟ್ಟಿಗಿಂತ ಹೆಚ್ಚು ಗಾಯ ತಪ್ಪಿಸಬಹುದಿತ್ತು ಅನ್ನೋದು ಅವರ ಲೆಕ್ಕ.

ಇನ್ನೊಂದು ನನಗೆ ತುಂಬಾ ಇಷ್ಟ ಆದದ್ದು. 2009ರಿಂದ ಓಶಾ ಒಂದು ಕೆಲಸ ಮಾಡ್ತು. ಸುಮಾರು 40,000 ಡಾಲರ್‌ಗಿಂತ ಹೆಚ್ಚು ದಂಡ ಬಿದ್ದ ಕಂಪನಿಯ ಹೆಸರು, ಅದು ಮಾಡಿದ ತಪ್ಪು, ಎರಡನ್ನೂ ಪತ್ರಿಕಾ ಪ್ರಕಟಣೆ ಮಾಡಿ ಸ್ಥಳೀಯ ಪೇಪರ್‌ಗಳಿಗೆ ಕಳಿಸೋದು. ಮ್ಯಾಥ್ಯೂ ಜಾನ್ಸನ್ 2020ರಲ್ಲಿ ಇದರ ಪರಿಣಾಮ ಅಳೆದ್ರು. ಪ್ರಕಟಣೆ ಬಂದ ಮೇಲೆ ಐದು ಕಿಲೋಮೀಟರ್ ಸುತ್ತಳತೆಯಲ್ಲಿ ಅದೇ ಉದ್ಯಮದ ಬೇರೆ ಕಂಪನಿಗಳಲ್ಲಿ ಉಲ್ಲಂಘನೆ ಶೇ 73ರಷ್ಟು ಕಡಿಮೆ. ಒಂದೇ ಒಂದು ಪ್ರಕಟಣೆಯಿಂದ ಆಗೋ ಪಾಲನೆಯನ್ನ ತಪಾಸಣೆಯಿಂದ ಪಡೀಬೇಕಂದ್ರೆ 210 ತಪಾಸಣೆ ಬೇಕು! ಪಕ್ಕದ ಶೆಡ್ಡಿನವನ ಹೆಸರು ಪೇಪರಿನಲ್ಲಿ ಬಂತು ಅಂದ್ರೆ ಇಡೀ ಇಂಡಸ್ಟ್ರಿಯಲ್ ಏರಿಯಾದಲ್ಲಿ ಏನಾಗುತ್ತೆ ಅಂತ ಯೋಚಿಸಿ. ಮಾನ ಮರ್ಯಾದೆ ವಿಷಯದಲ್ಲಿ ನಾವು ಅಮೆರಿಕದವರಿಗಿಂತ ಹಿಂದೆ ಇಲ್ಲ ಅಂತ ನನ್ನ ಭಾವನೆ.

ಈಗ ನಮ್ಮ ಕಡೆಗೆ ಬರೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಡಂಬಡಿಕೆ ಅಂತ ಇದೆ, 1947ರದ್ದು, ಕಾರ್ಮಿಕ ತಪಾಸಣೆಯ ಬಗ್ಗೆ. ಭಾರತ 1949ರಲ್ಲೇ ಅದನ್ನ ಅನುಮೋದಿಸಿದೆ. ಅದರ 12ನೇ ವಿಧಿ ಪ್ರಕಾರ ಇನ್‌ಸ್ಪೆಕ್ಟರ್ ಮುನ್ಸೂಚನೆ ಇಲ್ಲದೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಕೆಲಸದ ಸ್ಥಳಕ್ಕೆ ಹೋಗಬಹುದು. ಅಮೆರಿಕದಲ್ಲಂತೂ ಅನುಮತಿ ಇಲ್ಲದೆ ತಪಾಸಣೆಯ ಸುಳಿವು ಮುಂಚೆಯೇ ಕೊಡೋದು ಜೈಲು ಶಿಕ್ಷೆ ಆಗಬಹುದಾದ ಅಪರಾಧ. ನಮ್ಮಲ್ಲಿ ಹಿಂದಿನ ದಿನ ಹೆಲ್ಮೆಟ್ ಹೊರಗೆ ಬರುತ್ತೆ.

2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶ್ರಮ ಸುವಿಧಾ ಪೋರ್ಟಲ್ ತಂತು. ಯಾವ ಇನ್‌ಸ್ಪೆಕ್ಟರ್ ಎಲ್ಲಿಗೆ ಹೋಗಬೇಕು ಅಂತ ಕಂಪ್ಯೂಟರ್ ತೀರ್ಮಾನ ಮಾಡುತ್ತೆ, 72 ಗಂಟೆಯೊಳಗೆ ವರದಿ ಹಾಕಬೇಕು. ಲಂಚ ತಪ್ಪಿಸೋದು ಇದರ ಉದ್ದೇಶ, ಒಳ್ಳೇದೇ. 2025ರ ನವೆಂಬರ್ 21ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ಇನ್‌ಸ್ಪೆಕ್ಟರ್ ಈಗ ಬರೀ ಇನ್‌ಸ್ಪೆಕ್ಟರ್ ಅಲ್ಲ, "ಫೆಸಿಲಿಟೇಟರ್" ಕೂಡ, ಅಂದ್ರೆ ಸಲಹೆ ಕೊಡೋರು. ಸಲಹೆ ಕೊಡೋದರಲ್ಲಿ ತಪ್ಪೇನಿಲ್ಲ, ಸಣ್ಣ ವರ್ಕ್‌ಶಾಪ್‌ನವರಿಗೆ ನಿಜವಾಗ್ಲೂ ಅದರ ಅಗತ್ಯ ಇದೆ. ಆದ್ರೆ ನಾನು ಓದಿದ ಅಧ್ಯಯನಗಳು ಹೇಳ್ತಿರೋದು, ದಂಡದ ಹಲ್ಲಿಲ್ಲದ ಭೇಟಿಯಿಂದ ಗಾಯ ಇಳಿದದ್ದು ಕಂಡಿಲ್ಲ ಅಂತ. ಈ ಹೆಸರು ಬದಲಾವಣೆ ನನಗೆ ಸ್ವಲ್ಪ ಭಯ ಹುಟ್ಟಿಸುತ್ತೆ.

ಇನ್ನೊಂದು ಬದಲಾವಣೆ. ಹಳೇ ಕಾಯ್ದೆಯಲ್ಲಿ ವಿದ್ಯುತ್ ಬಳಸೋ ಕಡೆ ಹತ್ತು ಜನ ಇದ್ರೆ ಅದು ಕಾರ್ಖಾನೆ. ಹೊಸದರಲ್ಲಿ ಇಪ್ಪತ್ತು ಜನ. ವಾಯ್ಸ್ ಮೆಸೇಜ್ ಕಳಿಸಿದವರ ಹದಿನೆಂಟು ಜನರ ವರ್ಕ್‌ಶಾಪ್ ನಿನ್ನೆವರೆಗೆ ಕಾರ್ಖಾನೆ, ಇವತ್ತು ಅಲ್ಲ. ಹತ್ತು ಜನಕ್ಕಿಂತ ಹೆಚ್ಚಿರೋದರಿಂದ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅವರಿಗೂ ಅನ್ವಯ ಆಗುತ್ತವೆ, ಆದ್ರೆ ಕಾರ್ಖಾನೆ ಅಂತ ಇದ್ದ ವಿಶೇಷ ನಿಯಮಗಳ ಹೊರಗೆ ಬಂದ್ರು. ಪ್ರೆಸ್ಸಿಗೆ ಇದು ಗೊತ್ತಿಲ್ಲ. ಅದು ಹದಿನೆಂಟು ಜನರಿದ್ರೂ ಅದೇ ವೇಗದಲ್ಲಿ ಇಳಿಯುತ್ತೆ.

ಅವರಿಗೆ ನಾನು ವಾಪಸ್ ಫೋನ್ ಮಾಡಿದೆ. ಜಗಳ ಮಾಡೋಕೆ ಅಲ್ಲ. ನಿಮ್ಮಲ್ಲಿ ಸೆನ್ಸರ್ ಇದೆಯಾ ಕೇಳಿದೆ. "ಒಂದು ಪ್ರೆಸ್ಸಿಗೆ ಇದೆ, ದೊಡ್ಡ ಕಂಪನಿಯವರು ಆರ್ಡರ್ ಕೊಡೋ ಮುಂಚೆ ಹಾಕಿಸಿ ಅಂದ್ರು" ಅಂದ್ರು. ಮಿಕ್ಕಿದ್ದಕ್ಕೆ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಕ್ಕದವನೂ ಹಾಕ್ಸಿದ್ರೆ ನಾನೂ ಹಾಕ್ಸ್ತೀನಿ ಮೇಡಂ. ನಾನೊಬ್ನೇ ಹಾಕ್ಸಿದ್ರೆ ನನ್ನ ರೇಟು ಜಾಸ್ತಿ ಆಗುತ್ತೆ, ಆರ್ಡರ್ ಅವನಿಗೆ ಹೋಗುತ್ತೆ" ಅಂದ್ರು. ಸರ್ಕಾರಿ ತಪಾಸಣೆ ಯಾಕೆ ಬೇಕು ಅಂತ ನಾನು ಇಷ್ಟು ಹೊತ್ತು ಹೇಳಿದ್ದಕ್ಕಿಂತ ಚೆನ್ನಾಗಿ ಅವರೇ ಹೇಳಿಬಿಟ್ರು. ಅವರಿಗೆ ಬೇಡವಾಗಿರೋದು ಕವರ್ ತಗೊಳ್ಳೋ ಇನ್‌ಸ್ಪೆಕ್ಟರ್. ಅವರಿಗೂ ಪಕ್ಕದವರಿಗೂ ಒಂದೇ ಅಳತೆ ಹಿಡಿಯೋ ಇನ್‌ಸ್ಪೆಕ್ಟರ್ ಬಂದ್ರೆ ಅವರ ಅಭ್ಯಂತರ ಏನಿಲ್ಲ.

ನನ್ನ ತಲೆಯಲ್ಲಿ ಈಗ ಓಡ್ತಿರೋದು ಬೇರೆ ಪ್ರಶ್ನೆ. ಕ್ಯಾಲಿಫೋರ್ನಿಯಾದವರಿಗೆ ಇದ್ದ ಎರಡು ವಸ್ತು ನಮ್ಮಲ್ಲೂ ಇವೆ. ಕಂಪ್ಯೂಟರ್ ಚೀಟಿ ಎತ್ತಿ ಕಳಿಸಿದ ತಪಾಸಣೆಗಳ ಪಟ್ಟಿ ಸರ್ಕಾರದ ಹತ್ತಿರ ಇದೆ. ಗಾಯಗಳ ವಿಮೆ ದಾಖಲೆ ಇಎಸ್‌ಐ ನಿಗಮದ ಹತ್ತಿರ ಇದೆ. ಎರಡನ್ನೂ ಒಂದರ ಪಕ್ಕ ಒಂದು ಇಟ್ರೆ, ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ತಪಾಸಣೆಯಿಂದ ಬೆರಳು ಉಳಿದಿದೆಯಾ ಅಂತ ನಾವು ಅಮೆರಿಕದ ಪ್ರಬಂಧ ಓದಿ ಊಹೆ ಮಾಡಬೇಕಿಲ್ಲ. ತೊಂದರೆ ಇದೆ. ತಿಂಗಳಿಗೆ 21,000 ರೂಪಾಯಿಗಿಂತ ಹೆಚ್ಚು ಸಂಬಳ ಇರೋರು ಇಎಸ್‌ಐನಲ್ಲಿ ಬರಲ್ಲ, ಗುತ್ತಿಗೆ ಕಾರ್ಮಿಕರ ಹೆಸರು ಎಷ್ಟೋ ಸಲ ಗುತ್ತಿಗೆದಾರನ ಕೋಡ್‌ನಲ್ಲಿರುತ್ತೆ, ಅಪಘಾತದ ನಂತರ ನೋಂದಣಿ ಮಾಡೋ ಆಟ ಅಂತೂ ಹೇಳಿದೀನಿ. ಹಾಗೆ ನೋಡಿದ್ರೆ ನೋಂದಣಿ ತಾರೀಖು ಮತ್ತು ಅಪಘಾತದ ತಾರೀಖು ಒಂದೇ ವಾರದಲ್ಲಿರೋ ಕಾರ್ಖಾನೆಗಳ ಪಟ್ಟಿ ತೆಗೆದ್ರೇ ಸಾಕು, ಇನ್‌ಸ್ಪೆಕ್ಟರ್ ಮೊದಲು ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುತ್ತೆ.

ಈ ಅಂಕಿ-ಅಂಶ ಕೇಳಿ ನಮ್ಮ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ಇಎಸ್‌ಐ ನಿಗಮಕ್ಕೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತಿದ್ದೀನಿ. ಏನು ಉತ್ತರ ಬಂತು, ಅಥವಾ ಬರಲಿಲ್ಲ, ಅನ್ನೋದನ್ನ ಇಲ್ಲೇ ಹೇಳ್ತೀನಿ. ನಿಮ್ಮ ಶಾಪ್‌ಗೆ ಯಾವಾಗ ಕೊನೇ ಸಲ ಇನ್‌ಸ್ಪೆಕ್ಟರ್ ಬಂದಿದ್ರು, ಬಂದು ಏನು ನೋಡಿದ್ರು, ಆಮೇಲೆ ಏನಾದ್ರೂ ಬದಲಾಯ್ತಾ, ಒಂದು ವಾಯ್ಸ್ ಮೆಸೇಜ್ ಕಳಿಸಿ. ಕಂಪನಿ ಹೆಸರು ಹೇಳೋದು ಬೇಡ. ಮಾಲೀಕರೂ ಕಳಿಸಿ, ಆಪರೇಟರ್‌ಗಳೂ ಕಳಿಸಿ.

ಮುಂದಿನ ಬುಧವಾರ ಸಿಗೋಣ.